ವಾರಕ್ಕೊಂದು ದೇಶ: ಮನೆಯ ಪಾಠಶಾಲೆಯಲ್ಲಿ ಅನೇಕಾಂತ

ಗೃಹಸ್ಥನಾದ ಶ್ರಾವಕನಿಗೆ ಆಚಾರ್ಯರು ವಿಧಿಸಿರುವ ಹನ್ನೆರಡು ವ್ರತಗಳಲ್ಲಿ ದಿಗ್ವ್ರತವೂ ಒಂದು. ನಾಲ್ಕು ದಿಕ್ಕು, ನಾಲ್ಕು ವಿದಿಕ್ಕು, ಮೇಲೆ ಮತ್ತು ಕೆಳಗೆ ಹೀಗೆ ಹತ್ತು ದಿಕ್ಕುಗಳಲ್ಲಿಯೂ ತಾನು ಇಂತಿಷ್ಟು ದೂರದವರೆಗೆ ಮಾತ್ರ ಸಂಚರಿಸುವೆನೆಂದು, ವ್ಯವಹರಿಸುವೆನೆಂದು ಮೇರೆ ಹಾಕಿಕೊಳ್ಳುವುದು ಇದರ ಸ್ವರೂಪ. ಮೇರೆಯಾಚೆಗಿನ ಸಮಸ್ತ ಜೀವರಾಶಿಗೂ ಆ ಶ್ರಾವಕನಿಂದ ಅಭಯ ದೊರೆಯುತ್ತದೆ. ಅಲ್ಲಿನ ಸಂಪತ್ತಿನ ಮೇಲಣ ಅವನ ಲೋಭವೂ ಅಲ್ಲಿಗೇ ನಿಲ್ಲುತ್ತದೆ. ವ್ಯಾಪಾರವನ್ನೇ ವೃತ್ತಿಯಾಗುಳ್ಳ ಸಮಾಜಕ್ಕೆ ಈ ವ್ರತವು ಎಷ್ಟು ಅವಶ್ಯಕವೆಂಬುದನ್ನು ನಾನು ವಿವರಿಸಬೇಕಾಗಿಲ್ಲ. ಮೇರೆಯನ್ನು ಮೆಲ್ಲಮೆಲ್ಲನೆ ಹಿಗ್ಗಿಸಿಕೊಳ್ಳುವುದನ್ನೂ, ಹಾಕಿಕೊಂಡ ಮೇರೆಯನ್ನೇ ಮರೆತುಬಿಡುವುದನ್ನೂ ಆಚಾರ್ಯರು ಅತಿಚಾರಗಳೆಂದು ಎಣಿಸಿರುವುದನ್ನು ನೋಡಿದರೆ, ಅವರು ವರ್ತಕರ ಮನಸ್ಸನ್ನು ಎಷ್ಟು ಚೆನ್ನಾಗಿ ಬಲ್ಲವರಾಗಿದ್ದರೆಂಬುದು ತಿಳಿಯುತ್ತದೆ.

ಆದರೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕಾಲಿಗೆ ಮೇರೆಯುಂಟು, ತಕ್ಕಡಿಗೆ ಮೇರೆಯುಂಟು, ಅರಿವಿಗೂ ಮೇರೆಯುಂಟೇ? ದೂರದ ದೇಶಗಳ ಜನರು ಏನು ಉಣ್ಣುತ್ತಾರೆ, ಏನು ನಂಬುತ್ತಾರೆ, ಹೇಗೆ ಬಾಳುತ್ತಾರೆ ಎಂಬುದನ್ನು ನಮ್ಮ ಎಳೆಯ ಮಕ್ಕಳು ತಿಳಿಯಬೇಕೇ, ಅಥವಾ ತಮ್ಮ ಆಚಾರವು ಗಟ್ಟಿಗೊಳ್ಳುವವರೆಗೆ ಅದರಿಂದ ದೂರವಿರುವುದು ಲೇಸೇ? ಅಮೆರಿಕದಲ್ಲಿ ನೆಲೆಸಿರುವ ನನ್ನ ಮಗಳ ಮನೆಯಲ್ಲಿ ಆರು ತಿಂಗಳ ಕಾಲ ಇದ್ದಾಗ ಈ ಪ್ರಶ್ನೆಯು ನನಗೆ ಪ್ರತಿವಾರವೂ ಹೊಸ ರೂಪದಲ್ಲಿ ಎದುರಾಯಿತು. ಅಲ್ಲಿ ಕಂಡದ್ದನ್ನೂ ಅದರ ಮೇಲೆ ನಾನು ಮಾಡಿದ ವಿಚಾರವನ್ನೂ ಈ ಪತ್ರಿಕೆಯ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನನ್ನ ಮಗಳ ಕುಟುಂಬವು ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರದ ಸಮೀಪದಲ್ಲಿದೆ. ಎಂಟು ವರ್ಷದ ಮೊಮ್ಮಗಳು, ಆರು ವರ್ಷದ ಮೊಮ್ಮಗ. ಇಬ್ಬರೂ ಶಾಲೆಗೆ ಹೋಗುವುದಿಲ್ಲ. ತಾಯಿಯೇ ಮನೆಯಲ್ಲಿ ಪಾಠ ಹೇಳುತ್ತಾಳೆ. ನಮ್ಮ ಕಡೆಯ ಬಂಧುಗಳಿಗೆ ಇದನ್ನು ಹೇಳಿದಾಗ ಮೊದಲು ಬರುವ ಪ್ರಶ್ನೆ, “ಅದಕ್ಕೆ ಕಾನೂನು ಒಪ್ಪುತ್ತದೆಯೇ?” ಎಂಬುದು. ಅಮೆರಿಕದ ಐವತ್ತು ರಾಜ್ಯಗಳಲ್ಲಿಯೂ ಗೃಹಶಿಕ್ಷಣವು ನ್ಯಾಯಸಮ್ಮತ. ನಿಯಮಗಳು ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನ್ಯೂಯಾರ್ಕಿನಂಥ ರಾಜ್ಯದಲ್ಲಿ ತಂದೆತಾಯಿಗಳು ಪಾಠದ ಯೋಜನೆಯನ್ನೂ ಅವಧಿಗೊಮ್ಮೆ ವರದಿಯನ್ನೂ ಶಾಲಾಡಳಿತಕ್ಕೆ ಒಪ್ಪಿಸಬೇಕು. ಟೆಕ್ಸಾಸಿನಲ್ಲಿ ೧೯೯೪ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಗೃಹಶಾಲೆಯನ್ನು ಖಾಸಗಿ ಶಾಲೆಯೆಂದೇ ಭಾವಿಸಬೇಕೆಂದು ತೀರ್ಪಿತ್ತಿತು. ಓದು, ಕಾಗುಣಿತ, ವ್ಯಾಕರಣ, ಗಣಿತ ಮತ್ತು ಸತ್ಪೌರತ್ವ ಎಂಬ ಐದು ವಿಷಯಗಳನ್ನು ಪ್ರಾಮಾಣಿಕವಾಗಿ ಬೋಧಿಸಿದರೆ ಸಾಕು. ೨೦೧೬ರ ಸರ್ಕಾರಿ ಸಮೀಕ್ಷೆಯಂತೆ ಆ ದೇಶದಲ್ಲಿ ಸುಮಾರು ೧೭ ಲಕ್ಷ ಮಕ್ಕಳು ಹೀಗೆ ಮನೆಯಲ್ಲಿ ಕಲಿಯುತ್ತಿದ್ದರು. ಭಾರತದ ಸ್ಥಿತಿ ಬೇರೆ. ನಮ್ಮ ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯವೆಂದು ಹೇಳುತ್ತದೆ. ಆದ್ದರಿಂದ ನಾನು ಇಲ್ಲಿ ಯಾರಿಗೂ ಶಾಲೆ ಬಿಡಿಸಿರೆಂದು ಹೇಳುತ್ತಿಲ್ಲ. ಆ ಮನೆಯಲ್ಲಿ ನಡೆಯುವ ಒಂದು ಪಾಠಕ್ರಮದಿಂದ ನಾವು ಏನನ್ನು ಪಡೆಯಬಹುದೆಂಬುದಷ್ಟೇ ನನ್ನ ವಿಚಾರ.

ಆ ಪಾಠಕ್ರಮವೇ ವಾರಕ್ಕೊಂದು ದೇಶ. ಭೂಗೋಳ, ಚರಿತ್ರೆ, ಗಣಿತ, ಭಾಷೆ, ಚಿತ್ರಕಲೆ, ಅಡುಗೆ ಇವುಗಳನ್ನು ಪ್ರತ್ಯೇಕ ಪಾಠಗಳಾಗಿ ಹಂಚದೆ ಒಂದು ವಿಷಯದ ಸುತ್ತ ಹೆಣೆಯುವ ಪದ್ಧತಿ ಅಮೆರಿಕದಲ್ಲಿ ಹಳೆಯದು. ೧೮೯೬ರಲ್ಲಿ ಜಾನ್ ಡ್ಯೂಯಿ ಎಂಬ ತತ್ತ್ವಜ್ಞರು ಶಿಕಾಗೋ ನಗರದಲ್ಲಿ ತೆರೆದ ಪ್ರಯೋಗಶಾಲೆಯಲ್ಲಿ ಮಕ್ಕಳು ಅಡುಗೆ, ನೇಯ್ಗೆ, ಮರಗೆಲಸಗಳ ಮೂಲಕವೇ ಲೆಕ್ಕವನ್ನೂ ಚರಿತ್ರೆಯನ್ನೂ ಕಲಿಯುತ್ತಿದ್ದರು. ಗೃಹಶಿಕ್ಷಣದ ತಾಯಂದಿರು ಈ ಪದ್ಧತಿಯನ್ನು ಮೆಚ್ಚಲು ಇನ್ನೊಂದು ಕಾರಣವೂ ಉಂಟು. ಎಂಟು ವರ್ಷದವಳಿಗೂ ಆರು ವರ್ಷದವನಿಗೂ ಒಂದೇ ಮೇಜಿನ ಮೇಲೆ ಒಂದೇ ವಿಷಯವನ್ನು ಅವರವರ ಶಕ್ತಿಗೆ ತಕ್ಕಂತೆ ಹೇಳಬಹುದು. ಅಕ್ಕ ನದಿಗಳ ಹೆಸರನ್ನು ಬರೆಯುವಾಗ ತಮ್ಮ ಅದೇ ನದಿಗೆ ನೀಲಿ ಬಣ್ಣ ತುಂಬುತ್ತಾನೆ.

ವಾರದ ಕ್ರಮ ಹೀಗಿತ್ತು. ಸೋಮವಾರ ಭೂಗೋಲದ ಮೇಲೆ ದೇಶವನ್ನು ಹುಡುಕಿ, ತೆಳುಕಾಗದವಿಟ್ಟು ನಕ್ಷೆಯನ್ನು ತೆಗೆದು, ನಮ್ಮ ಊರಿಗೆ ಅದು ಯಾವ ದಿಕ್ಕಿನಲ್ಲಿ ಎಷ್ಟು ದೂರವೆಂದು ದಾರ ಹಿಡಿದು ಅಳೆಯುವುದು; ಆ ದೇಶದ ನಾಣ್ಯದ ಲೆಕ್ಕ. ಮಂಗಳವಾರ ಸಾರ್ವಜನಿಕ ಗ್ರಂಥಾಲಯದಿಂದ ತಂದ ಕಥೆಗಳ ಓದು. ಬುಧವಾರ ಅಲ್ಲಿನ ಮರ, ಪ್ರಾಣಿ, ಪಕ್ಷಿ, ಬೆಳೆಗಳು. ಗುರುವಾರ ಅಲ್ಲಿನ ಜನರ ಮನೆ, ಪ್ರಾರ್ಥನೆ, ಹಬ್ಬ. ಶುಕ್ರವಾರ ಅಡುಗೆ ಮತ್ತು ಬರವಣಿಗೆ. ಮಕ್ಕಳೇ ರಟ್ಟಿನಿಂದ ಮಾಡಿಕೊಂಡ ಪುಟ್ಟ ಪಾಸ್‌ಪೋರ್ಟಿನಲ್ಲಿ ಕಡೆಗೆ ಒಂದು ಮುದ್ರೆ ಬೀಳುತ್ತಿತ್ತು. ಇದನ್ನೆಲ್ಲ ನೋಡಿದ ನನಗೆ ನಮ್ಮ ಆಗಮದ ನಾಲ್ಕು ಅನುಯೋಗಗಳು ನೆನಪಾದವು. ಪುಣ್ಯಪುರುಷರ ಕಥೆಗಳದು ಪ್ರಥಮಾನುಯೋಗ, ಲೋಕವಿಭಾಗ ಮತ್ತು ಗಣಿತದ್ದು ಕರಣಾನುಯೋಗ, ಆಚಾರದ್ದು ಚರಣಾನುಯೋಗ, ತತ್ತ್ವದ್ದು ದ್ರವ್ಯಾನುಯೋಗ. ಒಂದು ದೇಶವನ್ನಾಗಲಿ ಒಂದು ಧರ್ಮವನ್ನಾಗಲಿ ಕೇವಲ ಕಥೆಯಿಂದ ಅಥವಾ ಕೇವಲ ಲೆಕ್ಕದಿಂದ ತಿಳಿಯಲಾಗದೆಂಬುದನ್ನು ನಮ್ಮ ಪೂರ್ವಾಚಾರ್ಯರು ಬಲ್ಲವರಾಗಿದ್ದರು. ಇದು ಕೇವಲ ಸಾದೃಶ್ಯ. ಆದರೂ ಮಗಳಿಗೆ ಹೇಳಿದಾಗ ಅವಳು ಅದನ್ನು ಗೋಡೆಯ ಮೇಲಿನ ವೇಳಾಪಟ್ಟಿಯಲ್ಲಿ ಬರೆದುಕೊಂಡಳು.

ನಾನು ಬಿ.ಕಾಂ. ಓದಿ ನಲವತ್ತು ವರ್ಷ ಏಲಕ್ಕಿ, ಮೆಣಸಿನ ವ್ಯಾಪಾರದಲ್ಲಿ ಕಳೆದವನು. ನನಗೆ ವಹಿಸಿದ್ದ ಪಾಠವೆಂದರೆ ಅಂಗಡಿಗೆ ಹೋದಾಗ ಪೊಟ್ಟಣಗಳ ಹಿಂದೆ ಬರೆದಿರುವ ಊರನ್ನು ಮಕ್ಕಳಿಗೆ ತೋರಿಸುವುದು. ಒಂದು ದಿನ ಮೊಮ್ಮಗಳು ಏಲಕ್ಕಿಯ ಪೊಟ್ಟಣವನ್ನು ತಿರುಗಿಸಿ, “ತಾತ, ಇದು ನಿಮ್ಮೂರಿಂದ ಬಂದಿದ್ದಲ್ಲ, ಗ್ವಾಟೆಮಾಲಾದಿಂದ ಬಂದಿದ್ದು!” ಎಂದಳು. ಮುಂದಿನ ವಾರದ ದೇಶ ಅದೇ ಆಯಿತು. ಸಕಲೇಶಪುರದ ಸೀಮೆಯಲ್ಲಿ ಏಲಕ್ಕಿ ಮಾರುವ ಯಾವ ವರ್ತಕನಿಗೂ ಈ ದೇಶದ ಹೆಸರು ಹೊಸದಲ್ಲ. ಅಲ್ಲಿ ಫಸಲು ಹೆಚ್ಚಿದರೆ ಇಲ್ಲಿ ಧಾರಣೆ ಇಳಿಯುತ್ತದೆ. ನಮ್ಮ ಪಾಲಿಗೆ ಅದು ದೇಶವಲ್ಲ, ಧಾರಣೆಯ ಪಟ್ಟಿಯಲ್ಲಿನ ಒಂದು ಸಾಲು.

ಆ ವಾರ ಮಕ್ಕಳೊಡನೆ ನಾನೂ ಓದಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಜರ್ಮನ್ ತೋಟಗಾರರಿಂದ ಅಲ್ಲಿಗೆ ಹೋದ ಏಲಕ್ಕಿಯನ್ನು ಇಂದು ಬಹುಮಟ್ಟಿಗೆ ಬೆಳೆಯುವವರು ಆಲ್ಟಾ ವೆರಾಪಾಸ್ ಎಂಬ ಗುಡ್ಡಗಾಡಿನ ಸಣ್ಣ ಹಿಡುವಳಿಯ ಮಾಯಾ ಜನರು. ಬೆಳೆದವರ ಅಡುಗೆಯಲ್ಲಿ ಅದರ ಬಳಕೆ ತೀರ ಕಡಿಮೆ; ಫಸಲಿನ ಬಹುಪಾಲು ಅರಬ್ ದೇಶಗಳ ಕಾಫಿಗಾಗಿ ಹೋಗುತ್ತದೆ. ೧೯೬೦ರಿಂದ ೧೯೯೬ರವರೆಗೆ ಮೂವತ್ತಾರು ವರ್ಷ ಆ ದೇಶವು ಅಂತರ್ಯುದ್ಧದಲ್ಲಿ ಬೆಂದಿತು. ಸತ್ತವರಲ್ಲಿ ಹೆಚ್ಚಿನವರು ಇದೇ ಮಾಯಾ ಜನರು. ಅವರ ಪೂರ್ವಜರು ಚುಕ್ಕೆ, ಗೀಟುಗಳಿಂದ ಇಪ್ಪತ್ತನ್ನು ಆಧಾರವಾಗಿಸಿ ಎಣಿಸುತ್ತಿದ್ದರು. ಸೊನ್ನೆಗೆ ಚಿಪ್ಪಿನ ಆಕಾರದ ಗುರುತು ಅವರಲ್ಲಿತ್ತು. ಮೊಮ್ಮಗ ಬೀನ್ಸ್ ಕಾಳು ಮತ್ತು ಕಡ್ಡಿಗಳಿಂದ ಆ ಸಂಖ್ಯೆಗಳನ್ನು ಜೋಡಿಸಿದಾಗ, ನೃಪತುಂಗನ ಕಾಲದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ ನಮ್ಮ ಮಹಾವೀರಾಚಾರ್ಯರ ಕಥೆಯನ್ನು ನಾನು ಹೇಳಿದೆ. ಸಮುದ್ರದ ಎರಡು ತೀರಗಳಲ್ಲಿ ಪರಸ್ಪರ ಪರಿಚಯವೇ ಇಲ್ಲದ ಇಬ್ಬರು ಸೊನ್ನೆಯೊಡನೆ ಲೆಕ್ಕ ಮಾಡಿದರೆಂಬುದು ಮಕ್ಕಳಿಗೆ ಬಹಳ ಹಿಡಿಸಿತು. ಧಾರಣೆ ಎಂಬುದು ಒಂದು ನಯ, ಒಂದು ದೃಷ್ಟಿಕೋನ. ಅದು ಸುಳ್ಳಲ್ಲ, ಆದರೆ ಅದೇ ಪೂರ್ಣಸತ್ಯವೆಂದು ಹಿಡಿದಾಗ ದುರ್ನಯವಾಗುತ್ತದೆ. ಶಾಸ್ತ್ರದಲ್ಲಿ ಓದಿದ ಈ ಮಾತಿಗೆ ಒಂದು ಏಲಕ್ಕಿಯ ಪೊಟ್ಟಣಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಂಡಿಲ್ಲ.

ಇನ್ನು ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಜೈನ ಮನೆಯಲ್ಲಿ ಅನ್ಯದೇಶಗಳ ಪಾಠ ಮಾಡಹೊರಟರೆ ಆಹಾರದ ಪ್ರಶ್ನೆ ಬಂದೇ ಬರುತ್ತದೆ. ಮಾಂಸಾಹಾರದ ವಿಷಯ ಒತ್ತಟ್ಟಿಗಿರಲಿ. ಮಕ್ಕಳನ್ನು ಕಲಕಿದ್ದು ಆಲೂಗಡ್ಡೆ. ನನ್ನ ಮಗಳ ಮನೆಯಲ್ಲಿ ಕಂದಮೂಲಗಳನ್ನು ಬಳಸುವುದಿಲ್ಲ. ಒಂದು ಗಡ್ಡೆಯಲ್ಲಿ ಅನಂತ ಜೀವಗಳೆಂಬುದನ್ನು ಮಕ್ಕಳು ಪಾಠಶಾಲೆಯಲ್ಲಿ ಕಲಿತಿದ್ದಾರೆ. ಪೆರು ದೇಶದ ವಾರ ಬಂದಾಗ ಪುಸ್ತಕದ ಪ್ರತಿ ಪುಟದಲ್ಲಿಯೂ ಆಲೂಗಡ್ಡೆ. ಆಂಡೀಸ್ ಪರ್ವತದ ಟಿಟಿಕಾಕಾ ಸರೋವರವು ಸಮುದ್ರಮಟ್ಟದಿಂದ ೩೮೧೨ ಮೀಟರ್ ಎತ್ತರದಲ್ಲಿದೆ. ಆ ಸೀಮೆಯ ಜನರು ಸಾವಿರಾರು ವರ್ಷಗಳ ಹಿಂದೆಯೇ ಆಲೂಗಡ್ಡೆಯನ್ನು ಕೃಷಿಗೆ ಒಗ್ಗಿಸಿಕೊಂಡರು. ರಾತ್ರಿಯ ಹಿಮದಲ್ಲಿ ಹೆಪ್ಪುಗಟ್ಟಿಸಿ, ಹಗಲಿನ ಬಿಸಿಲಿಗೆ ಒಣಗಿಸಿ, ಕಾಲಿನಿಂದ ತುಳಿದು ನೀರು ತೆಗೆದು, ವರ್ಷಗಟ್ಟಲೆ ಕೆಡದಂತೆ ಕೂಡಿಡುವ ವಿದ್ಯೆ ಅವರದು. ರಾಜಧಾನಿ ಲಿಮಾದಲ್ಲಿ ೧೯೭೧ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರವು ಸಾವಿರಾರು ನಾಡತಳಿಗಳನ್ನು ಕಾಪಾಡುತ್ತಿದೆ.

ಗುರುವಾರ ಸಂಜೆ ಮೊಮ್ಮಗಳು ಬರೆಯುವುದನ್ನು ನಿಲ್ಲಿಸಿ ಕೇಳಿದಳು: “ಅಮ್ಮ, ಇವರೆಲ್ಲ ದಿನಾ ಆಲೂಗಡ್ಡೆ ತಿಂತಾರಲ್ಲ, ಇವರೆಲ್ಲ ಪಾಪಿಗಳಾ?” ತಮ್ಮನು ಅಕ್ಕನಿಗಿಂತ ಮೊದಲೇ ತೀರ್ಪನ್ನು ಕೊಟ್ಟುಬಿಟ್ಟ: “ಹೌದು, ಕೆಟ್ಟವರು!”

ವಾಚಕರೇ, ಇದು ನಗುವ ಮಾತಲ್ಲ. ನಮ್ಮ ಮಕ್ಕಳಿಗೆ ಆಚಾರವನ್ನು ಕಲಿಸುವಾಗ ಅದರ ಜೊತೆಗೇ ಇತರರ ತಿರಸ್ಕಾರವೂ ಅರಿವಿಲ್ಲದೆ ಸೇರಿಹೋಗುವ ಅಪಾಯವಿದೆ. ಯಾರೂ ಬಾಯಿಬಿಟ್ಟು ಅದನ್ನು ಕಲಿಸಿರುವುದಿಲ್ಲ. ಮಗು ತಾನಾಗಿಯೇ ಗುಣಾಕಾರ ಮಾಡಿಕೊಳ್ಳುತ್ತದೆ. ‘ಇದನ್ನು ತಿನ್ನುವುದು ಪಾಪ, ಅವನು ತಿನ್ನುತ್ತಾನೆ, ಆದ್ದರಿಂದ ಅವನು ಪಾಪಿ.’ ತರ್ಕ ಸರಿಯಾಗಿಯೇ ಇದೆ. ಇದಕ್ಕೆ ಹೇಗೆ ಉತ್ತರಿಸಬೇಕು? ‘ಹಾಗಲ್ಲ, ಏನು ತಿಂದರೂ ಒಂದೇ’ ಎಂದರೆ ವ್ರತಕ್ಕೆ ಅರ್ಥವಿಲ್ಲ. ‘ಹೌದು’ ಎಂದರೆ ಕರುಣೆಗೆ ಅರ್ಥವಿಲ್ಲ.

ನನ್ನ ಮಗಳು ಉತ್ತರ ಕೊಡಲು ಅವಸರಪಡಲಿಲ್ಲ. ಮರುದಿನ ಮಕ್ಕಳೊಡನೆ ಮತ್ತೆ ನಕ್ಷೆಯ ಮುಂದೆ ಕುಳಿತು, ಅಷ್ಟು ಎತ್ತರದಲ್ಲಿ, ಅಷ್ಟು ಚಳಿಯಲ್ಲಿ ಏನೇನು ಬೆಳೆಯುತ್ತದೆಂದು ಹುಡುಕಿಸಿದಳು. ಭತ್ತ ಬೆಳೆಯುವುದಿಲ್ಲ, ಜೋಳವೂ ಅತಿ ಎತ್ತರದಲ್ಲಿ ಸರಿಯಾಗಿ ಬರುವುದಿಲ್ಲ, ಆಲೂಗಡ್ಡೆ, ಕಿನೋವಾ ಎಂಬ ಸಣ್ಣಕಾಳು, ಇನ್ನು ಕೆಲವು. ಬಳಿಕ ಅವಳು ಹೇಳಿದ ಮಾತು ಇಷ್ಟೇ: “ವ್ರತ ಅನ್ನೋದು ನಾವು ನಮ್ಮ ಕೈಗೆ ಕಟ್ಟಿಕೊಂಡ ದಾರ. ಅದರಿಂದ ಬೇರೆಯವರನ್ನ ಅಳೆಯೋಕಾಗಲ್ಲ. ನಮಗೆ ಬೇರೆ ಊಟ ಸಿಗುತ್ತೆ, ಅದಕ್ಕೇ ನಾವು ಬಿಡಬಹುದು; ಸಿಕ್ಕೂ ಬಿಡದೇ ಇದ್ರೆ ಆ ಲೆಕ್ಕ ನಮ್ಮದು.”

ಇದನ್ನು ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಹಿಂಸೆಯ ಮೂಲವು ಪ್ರಮತ್ತಯೋಗ. ಅಂದರೆ ಅಜಾಗರೂಕತೆ ಮತ್ತು ಕಷಾಯಗಳಿಂದ ಕೂಡಿದ ಪ್ರವೃತ್ತಿ. ಗಡ್ಡೆಯನ್ನು ತಿನ್ನದೆಯೂ ಮನಸ್ಸಿನಲ್ಲಿ ಇನ್ನೊಬ್ಬನನ್ನು ಹೀನನೆಂದು ಎಣಿಸಿದರೆ ಅಲ್ಲಿ ಮಾನಕಷಾಯವುಂಟು. ತನ್ನ ಮೇಲ್ಮೆಯನ್ನು ಹೊಗಳಿಕೊಂಡು ಪರರನ್ನು ನಿಂದಿಸುವುದರಿಂದ ನೀಚಗೋತ್ರ ಕರ್ಮದ ಆಸ್ರವವಾಗುತ್ತದೆಂದು ತತ್ತ್ವಾರ್ಥಸೂತ್ರದಲ್ಲಿಯೇ ಇದೆಯಷ್ಟೇ. ಆಹಾರಶುದ್ಧಿಯನ್ನು ಎಳವೆಯಲ್ಲಿಯೇ ಕಲಿಸುವ ನಾವು ಈ ಎರಡನೆಯ ಶುದ್ಧಿಯನ್ನೂ ಅದೇ ವಯಸ್ಸಿನಲ್ಲಿ ಕಲಿಸದಿದ್ದರೆ ಪಾಠವು ಅರ್ಧಕ್ಕೇ ನಿಂತಂತೆ.

ಆ ಪಾಠಕ್ಕೆ ಮುಂದುವರಿಕೆಯೂ ಇತ್ತು. ಪೆರುವಿನ ಗಡ್ಡೆ ಹದಿನಾರನೆಯ ಶತಮಾನದಲ್ಲಿ ಯುರೋಪಿಗೆ ಹೋಯಿತು. ಐರ್ಲೆಂಡಿನ ಬಡವರು ಅದೊಂದನ್ನೇ ನಂಬಿ ಬದುಕುವಂತಾಯಿತು. ೧೮೪೫ರಲ್ಲಿ ಅಂಗಮಾರಿ ರೋಗ ಬಂದು ಬೆಳೆ ಕೊಳೆತಾಗ, ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವು ಮತ್ತು ಕಾಯಿಲೆಗಳಿಂದ ಸತ್ತರು. ಇನ್ನೂ ಹತ್ತು ಲಕ್ಷ ಜನ ಹಡಗು ಹತ್ತಿದರು. ಆ ವರ್ಷಗಳಲ್ಲಿಯೂ ಐರ್ಲೆಂಡಿನಿಂದ ಧಾನ್ಯ ಹೊರದೇಶಕ್ಕೆ ಹೋಗುತ್ತಿತ್ತು. ಅದೇ ಅಂಗಮಾರಿಯು ನಮ್ಮ ಹಾಸನ ಜಿಲ್ಲೆಯ ಆಲೂಗಡ್ಡೆ ಬೆಳೆಗಾರರನ್ನೂ ಕಾಡಿದೆ. ಅವರಲ್ಲಿ ಅನೇಕರು ನಮ್ಮ ಅಂಗಡಿಗಳ ಗಿರಾಕಿಗಳು, ನೆರೆಯವರು. ಇದನ್ನು ಕೇಳಿದ ಮೊಮ್ಮಗ ಕೆಟ್ಟವರೆಂದಿದ್ದ ತನ್ನ ಮಾತನ್ನು ಮತ್ತೆ ಎತ್ತಲಿಲ್ಲ. “ತಾತ, ಧಾನ್ಯ ಇತ್ತಲ್ಲ, ಯಾಕೆ ಕೊಡಲಿಲ್ಲ?” ಎಂದು ಕೇಳಿದ. ವರ್ತಕನಾದ ನನಗೆ ಆ ಪ್ರಶ್ನೆಯು ಗಡ್ಡೆಯ ಪ್ರಶ್ನೆಗಿಂತ ಗಹನವಾಗಿ ಕಂಡಿತು.

ಜಪಾನಿನ ವಾರದಲ್ಲಿ ಬೇರೊಂದು ಬಗೆಯ ಎಚ್ಚರ ಬೇಕಾಯಿತು. ಅಲ್ಲಿನ ತರಕಾರಿ ಸಾರು ಕೂಡ ಸಾಮಾನ್ಯವಾಗಿ ಒಣಮೀನಿನ ರಸದಿಂದ ಆರಂಭವಾಗುತ್ತದೆ. ಆದ್ದರಿಂದ ತರಕಾರಿ ಎಂಬ ಹೆಸರನ್ನು ನಂಬಿ ಅಂಗಡಿಯಿಂದ ಏನನ್ನೂ ತರುವಂತಿರಲಿಲ್ಲ. ಅದೇ ದೇಶದ ಬೌದ್ಧವಿಹಾರಗಳಲ್ಲಿ ‘ಶೋಜಿನ್ ರ್ಯೋರಿ’ ಎಂಬ ಸಾತ್ತ್ವಿಕ ಅಡುಗೆಯಿದೆ. ಮಾಂಸ ಮೀನುಗಳಿಲ್ಲ, ನಮ್ಮಂತೆಯೇ ಈರುಳ್ಳಿ ಬೆಳ್ಳುಳ್ಳಿಗಳೂ ಇಲ್ಲ. ಊಟಕ್ಕೆ ಮೊದಲು ‘ವಿನಯದಿಂದ ಸ್ವೀಕರಿಸುತ್ತೇನೆ’ ಎಂಬರ್ಥದ ‘ಇತದಾಕಿಮಾಸು’ ಎಂಬ ಮಾತನ್ನು ಹೇಳುವುದು ಅಲ್ಲಿನ ಮನೆಮನೆಯ ರೂಢಿ. ಶಾಲೆಯ ಕೊಠಡಿಗಳನ್ನು ಮಕ್ಕಳೇ ಗುಡಿಸಿ ಒರೆಸುತ್ತಾರೆ. ಇವಷ್ಟನ್ನೇ ಹೇಳಿ ಮುಗಿಸಿದ್ದರೆ ಪಾಠ ಸುಖಾಂತವಾಗುತ್ತಿತ್ತು. ಆದರೆ ೧೯೪೫ರ ಆಗಸ್ಟ್ ೬ರ ಹಿರೋಶಿಮಾವನ್ನು ಬಿಟ್ಟು ಜಪಾನನ್ನು ಹೇಳುವುದು ಹೇಗೆ? ಅದೂ ಆ ಬಾಂಬನ್ನು ಹಾಕಿದ ದೇಶದಲ್ಲಿಯೇ ಬೆಳೆಯುತ್ತಿರುವ ಮಕ್ಕಳಿಗೆ? ಎಳೆಯರಿಗೆ ಎಲ್ಲ ಸತ್ಯವನ್ನೂ ಎಲ್ಲ ವಿವರದೊಡನೆ ಹೇಳಬೇಕಾಗಿಲ್ಲ, ಅಸತ್ಯವನ್ನಂತೂ ಹೇಳಬಾರದು. ಮಗಳು ಸದಾಕೊ ಸಸಾಕಿ ಎಂಬ ಬಾಲಕಿಯ ಕಥೆಯನ್ನು ಆರಿಸಿದಳು. ಎರಡು ವರ್ಷದ ಮಗುವಾಗಿದ್ದಾಗ ಬಾಂಬಿನ ವಿಕಿರಣಕ್ಕೊಳಗಾಗಿ, ಹನ್ನೆರಡನೆಯ ವಯಸ್ಸಿನಲ್ಲಿ, ೧೯೫೫ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಆ ಹುಡುಗಿ ಆಸ್ಪತ್ರೆಯಲ್ಲಿ ಕಾಗದದ ಕೊಕ್ಕರೆಗಳನ್ನು ಮಡಿಸುತ್ತಿದ್ದಳು. ೧೯೫೮ರಲ್ಲಿ ಹಿರೋಶಿಮಾದಲ್ಲಿ ಮಕ್ಕಳ ಶಾಂತಿ ಸ್ಮಾರಕವು ಎದ್ದುನಿಂತಿತು. ಮೊಮ್ಮಕ್ಕಳು ಕೊಕ್ಕರೆಗಳನ್ನು ಮಡಿಸಿ ಮನೆಯ ಜಿನಬಿಂಬದ ಮುಂದೆ ಇಟ್ಟರು. ಯಾರೂ ಹಾಗೆ ಹೇಳಿರಲಿಲ್ಲ.

ಇಥಿಯೋಪಿಯಾದ ವಾರ ನಮಗೆ ನೆರೆಮನೆಯಿಂದಲೇ ಬಂದಿತು. ಆ ಬೀದಿಯಲ್ಲಿ ಆ ದೇಶದ ಒಂದು ಕುಟುಂಬವಿದೆ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ ಶುಕ್ರವಾರಗಳಲ್ಲಿಯೂ, ಈಸ್ಟರ್ ಹಬ್ಬಕ್ಕೆ ಮೊದಲು ಐವತ್ತೈದು ದಿನಗಳೂ ಮಾಂಸ, ಮೊಟ್ಟೆ, ಹಾಲು, ಬೆಣ್ಣೆಗಳನ್ನು ತ್ಯಜಿಸುತ್ತಾರೆ. ‘ಟೆಫ್’ ಎಂಬ ಅತಿ ಸಣ್ಣ ಧಾನ್ಯದ ಹಿಟ್ಟನ್ನು ಹುಳಿಬರಿಸಿ ಹುಯ್ದ, ನಮ್ಮ ದೋಸೆಯನ್ನು ಹೋಲುವ ‘ಇಂಜೆರಾ’ ಅವರ ನಿತ್ಯದ ಆಹಾರ. ಆ ಮನೆಯ ಅಜ್ಜಿಯನ್ನು ಕರೆದು ಕೂರಿಸಿ ಮಕ್ಕಳು ಪ್ರಶ್ನೆ ಕೇಳಿದರು. ಆಕೆ ನಮ್ಮ ಪರ್ಯುಷಣದ ಉಪವಾಸದ ಬಗ್ಗೆ ಮರುಪ್ರಶ್ನೆ ಹಾಕಿದರು. ನೀರನ್ನೂ ಬಿಡುವವರುಂಟೆಂದು ತಿಳಿದು ಬೆರಗಾದರು. ಕಾರಣಗಳು ಬೇರೆಯೇ ಎಂಬುದನ್ನೂ ಮಗಳು ಮುಚ್ಚಿಡಲಿಲ್ಲ. ಅವರದು ಪಶ್ಚಾತ್ತಾಪ ಮತ್ತು ಪ್ರಾರ್ಥನೆಯ ಉಪವಾಸ, ನಮ್ಮದು ಕರ್ಮನಿರ್ಜರೆಯ ತಪಸ್ಸು. ಎರಡನ್ನೂ ಒಂದೇ ಎಂದು ಕಲಸಿಬಿಡುವುದೂ ಸತ್ಯವಲ್ಲ. ಹೋಲಿಕೆಯನ್ನು ಹೋಲಿಕೆಯಾಗಿ, ಭೇದವನ್ನು ಭೇದವಾಗಿ ನೋಡುವುದೇ ಅನೇಕಾಂತ.

ಈ ಪದ್ಧತಿಯ ದೋಷಗಳನ್ನು ಹೇಳದಿದ್ದರೆ ನಾನೇ ಏಕಾಂತವಾದಿಯಾದೇನು. ಒಂದು ದೇಶಕ್ಕೆ ಒಂದೇ ವಾರವೆಂದರೆ, ಬಾವುಟ, ಉಡುಪು ಮತ್ತು ಒಂದು ತಿಂಡಿ ಇಷ್ಟರಲ್ಲಿಯೇ ಕೋಟ್ಯಂತರ ಜನರನ್ನು ಮುಗಿಸಿಬಿಡುವ ಅಪಾಯವುಂಟು. ಇದು ಮಕ್ಕಳಿಗೆ ಅರ್ಥವಾದದ್ದು ಭಾರತದ ವಾರದಲ್ಲಿ. ಗೃಹಶಿಕ್ಷಣದ ತಾಯಂದಿರಿಗಾಗಿ ಮಾರುವ ಸಿದ್ಧಪಾಠಗಳ ಒಂದು ಕಟ್ಟನ್ನು ಮಗಳು ತರಿಸಿದ್ದಳು. ಅದರ ಭಾರತದ ಹಾಳೆಯಲ್ಲಿ ಆನೆ, ಹಾವಾಡಿಗ, ತಾಜಮಹಲು. ‘ಭಾರತೀಯರು ಖಾರದ ಊಟ ಮಾಡುತ್ತಾರೆ, ಹಸುವನ್ನು ಪೂಜಿಸುತ್ತಾರೆ’ ಎಂಬ ಒಂದೆರಡು ವಾಕ್ಯ. ಅದರಲ್ಲಿ ಕನ್ನಡವಿರಲಿಲ್ಲ, ಬಸದಿಯಿರಲಿಲ್ಲ, ಬಾಹುಬಲಿಯಿರಲಿಲ್ಲ. ಮೊಮ್ಮಗಳಿಗೆ ಸಿಟ್ಟು ಬಂದಿತು. ಆಗ ಅವಳ ತಾಯಿ ಕೇಳಿದಳು: “ನಮ್ಮ ಪೆರು ಹಾಳೆಯನ್ನ ಪೆರುವಿನ ಹುಡುಗಿ ಓದಿದ್ರೆ ಅವಳಿಗೆ ಹೇಗನ್ನಿಸ್ತಿತ್ತು?” ಮಗು ತನ್ನ ಹಳೆಯ ಹಾಳೆಗಳನ್ನೆಲ್ಲ ತೆಗೆದು ತಿದ್ದಲು ಕುಳಿತಳು.

ಅಂದಿನಿಂದ ಆ ಮನೆಯಲ್ಲಿ ಮೂರು ನಿಯಮಗಳು. ‘ಆ ದೇಶದವರೆಲ್ಲ’ ಎಂದು ಯಾವ ವಾಕ್ಯವನ್ನೂ ಆರಂಭಿಸಬಾರದು. ‘ಕೆಲವರು’, ‘ಈ ಭಾಗದಲ್ಲಿ’, ‘ಹಬ್ಬದ ದಿನ’ ಎಂದು ಬರೆಯಬೇಕು. ಆ ದೇಶದವರೊಬ್ಬರು ದೊರೆತರೆ ಪುಸ್ತಕಕ್ಕಿಂತ ಮೊದಲು ಅವರನ್ನು ಕೇಳಬೇಕು. ವಾರದ ಕೊನೆಯಲ್ಲಿ ತಿಳಿಯದೆ ಉಳಿದ ಒಂದು ಪ್ರಶ್ನೆಯನ್ನು ಹಾಳೆಯ ಕೆಳಗೆ ಬರೆಯಬೇಕು. ಮೊದಲನೆಯ ನಿಯಮವನ್ನು ಓದಿದಾಗ ನಾನು ಮಗಳಿಗೆ, “ಇದು ನಮ್ಮ ‘ಸ್ಯಾತ್’ ಅಲ್ಲವೇನಮ್ಮ?” ಎಂದೆ. ‘ಒಂದು ಅಪೇಕ್ಷೆಯಿಂದ’ ಎಂಬ ಆ ಪುಟ್ಟ ಅವ್ಯಯವನ್ನು ಪಂಡಿತರು ಸಪ್ತಭಂಗಿಯಲ್ಲಿ ಬಿಡಿಸಿ ತೋರಿಸುತ್ತಾರೆ. ಆರು ವರ್ಷದ ಮಗು ಅದನ್ನು ‘ಕೆಲವರು’ ಎಂಬ ಶಬ್ದದಲ್ಲಿ ಕಲಿಯಿತು. ಸತ್ಯಾಣುವ್ರತದ ಅತಿಚಾರಗಳಲ್ಲಿ ಮಿಥ್ಯೋಪದೇಶವನ್ನು ಮೊದಲು ಹೇಳಿದ್ದಾರೆ. ತಿಳಿಯದ ಜನರ ವಿಷಯವಾಗಿ ತಿಳಿದಂತೆ ಹೇಳುವುದೂ ಅದಕ್ಕೆ ದೂರವಲ್ಲ.

ಭೂಗೋಲವನ್ನು ನೋಡುತ್ತ ಮೊಮ್ಮಗ ಇನ್ನೊಂದು ಪ್ರಶ್ನೆ ಕೇಳಿದ: “ತಾತ, ಇದರಲ್ಲಿ ಮೇರುಪರ್ವತ ಎಲ್ಲಿ?” ಜಂಬೂದ್ವೀಪದ ಚಿತ್ರವನ್ನು ಅವನು ಪಾಠಶಾಲೆಯಲ್ಲಿ ನೋಡಿದ್ದ. ಇದರಲ್ಲಿ ವಿದ್ವಾಂಸರ ಮತಗಳು ಬೇರೆಬೇರೆಯಾಗಿವೆ. ನನ್ನ ಅಭಿಪ್ರಾಯವನ್ನಷ್ಟೇ ಹೇಳುತ್ತೇನೆ. ಭೂಗೋಲವು ಕಣ್ಣಿಗೂ ಯಂತ್ರಕ್ಕೂ ಕಾಣುವ ಭೂಮಿಯ ಅಳತೆ. ಆಗಮದ ಲೋಕವಿಭಾಗವು ಜೀವವು ಎಷ್ಟು ವಿಶಾಲವಾದ ಲೋಕದಲ್ಲಿ ಎಷ್ಟು ಗತಿಗಳಲ್ಲಿ ತೊಳಲುತ್ತದೆಂಬುದನ್ನು ಮನಗಾಣಿಸುವ ಚಿಂತನೆ. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಲೋಕಾನುಪ್ರೇಕ್ಷೆಗೆ ಸ್ಥಾನವಿರುವುದು ಅದಕ್ಕಾಗಿಯೇ. ಒಂದನ್ನು ಇನ್ನೊಂದರ ಮೇಲೆ ಅಂಟಿಸಹೋದರೆ ಎರಡೂ ಹರಿಯುತ್ತವೆ. ಮಗುವಿಗೆ ನಾನು, “ಅದು ಬೇರೆ ಪುಸ್ತಕದ ನಕ್ಷೆ, ಮಗು, ಎರಡೂ ಪುಸ್ತಕ ಇಟ್ಟುಕೋ, ದೊಡ್ಡವನಾದ ಮೇಲೆ ಎರಡನ್ನೂ ಓದು” ಎಂದೆ.

ಮಗಳ ಶ್ರಮದ ವಿಷಯವನ್ನೂ ಹೇಳಬೇಕು. ಪ್ರತಿ ಭಾನುವಾರ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಅವಳು ಮುಂದಿನ ದೇಶದ ಪುಸ್ತಕಗಳನ್ನು ಓದುತ್ತ ಕುಳಿತಿರುತ್ತಿದ್ದಳು. ಓದಿದ ಹೆಣ್ಣುಮಗಳು ತನ್ನ ಉದ್ಯೋಗವನ್ನು ಬಿಟ್ಟು ಇದನ್ನು ನಡೆಸುತ್ತಿದ್ದಾಳೆ. ಅದರ ಬೆಲೆಯನ್ನು ಯಾವ ಜಮಾಖರ್ಚಿನಲ್ಲಿಯೂ ಬರೆಯುವುದಿಲ್ಲ. ಮಕ್ಕಳಿಗೆ ಓರಗೆಯವರ ಸಹವಾಸವೂ ಬೇಕು. ವಾರಕ್ಕೆರಡು ದಿನ ಇತರ ಗೃಹಶಿಕ್ಷಣದ ಕುಟುಂಬಗಳೊಡನೆ ಕೂಡುತ್ತಾರಾದರೂ, ಜಗಳವಾಡಿ ಮರುದಿನ ಮತ್ತೆ ಅದೇ ಬೆಂಚಿನಲ್ಲಿ ಕೂರುವ ಶಾಲೆಯ ಶಿಕ್ಷಣಕ್ಕೆ ಅದು ಪೂರ್ತಿ ಸಾಟಿಯಲ್ಲ. ಹತ್ತು ವರ್ಷದ ಹೊತ್ತಿಗೆ ಶಾಲೆಗೆ ಕಳಿಸುವುದು ಒಳಿತೆಂಬುದು ನನ್ನ ಮತ. ಮಗಳೂ ಅಳಿಯಂದಿರೂ ಇನ್ನೂ ನಿರ್ಧರಿಸಿಲ್ಲ. ಕೆಲವು ಕುಟುಂಬಗಳು ತಮ್ಮ ಮಕ್ಕಳಿಗೆ ಅನ್ಯರ ಗಾಳಿ ಸೋಕದಿರಲೆಂದು ಮನೆಯಲ್ಲಿ ಕಲಿಸುವುದೂ ಉಂಟು. ಮನೆಯಲ್ಲಿ ಕಲಿಸಿದರೂ ಅನ್ಯರನ್ನು ಮನೆಯೊಳಕ್ಕೆ ಕರೆಯಬಹುದೆಂಬುದಕ್ಕೆ ಈ ಪದ್ಧತಿ ಸಾಕ್ಷಿ.

ಈಗ ನಮ್ಮ ಬಸದಿಗಳ ಧರ್ಮದರ್ಶಿಗಳಲ್ಲಿ ಒಂದು ವಿನಂತಿ. ಭಾನುವಾರದ ಪಾಠಶಾಲೆಗಳು ಅನೇಕ ಊರುಗಳಲ್ಲಿ ನಡೆಯುತ್ತಿವೆ. ಅಲ್ಲಿ ಣಮೋಕಾರ ಮಂತ್ರ, ತೀರ್ಥಂಕರರ ಲಾಂಛನಗಳು, ಭಕ್ತಿಪಾಠಗಳು ಇರುತ್ತವೆ, ಇರಲೇಬೇಕು. ಅದರ ಜೊತೆಗೆ ಅರ್ಧ ಗಂಟೆ ‘ವಾರಕ್ಕೊಂದು ನಾಡು’ ಎಂದು ಇಡಬಾರದೇಕೆ? ಒಂದು ಭೂಗೋಲ, ಒಂದು ಗೋಡೆನಕ್ಷೆ, ಹತ್ತಿಪ್ಪತ್ತು ಪುಸ್ತಕಗಳು. ಒಂದು ದಿನದ ಅಭಿಷೇಕದ ವೆಚ್ಚಕ್ಕಿಂತ ಹೆಚ್ಚಾಗಲಾರದು. ಮೊದಲು ನಮ್ಮವರಿಂದಲೇ ತೊಡಗಬಹುದು. ತಮಿಳನ್ನೇ ತಾಯ್ನುಡಿಯಾಗುಳ್ಳ ಜೈನರಿದ್ದಾರೆ. ಬುಂದೇಲಖಂಡದವರು, ಕಾಠಿಯಾವಾಡದವರು ಇದ್ದಾರೆ. ಜಪಾನಿನ ಕೋಬೆ ನಗರದಲ್ಲಿ ೧೯೮೫ರಿಂದ ಜಿನಮಂದಿರವಿದೆ; ವಜ್ರದ ವ್ಯಾಪಾರಿಗಳು ನೆಲೆಸಿರುವ ಬೆಲ್ಜಿಯಮಿನ ಆಂಟ್ವರ್ಪಿನಲ್ಲಿಯೂ, ಕೀನ್ಯಾದ ಮೊಂಬಾಸಾದಲ್ಲಿಯೂ ಮಂದಿರಗಳಿವೆ. ಕೀನ್ಯಾದ ಸ್ವಾಹಿಲಿ ನುಡಿಯಲ್ಲಿ ಅಂಗಡಿಗೆ ‘ದುಕಾ’ ಎನ್ನುತ್ತಾರೆಂದರೆ ನಮ್ಮ ಮಕ್ಕಳಿಗೆ ದುಕಾನು ತಟ್ಟನೆ ನೆನಪಾಗುತ್ತದೆ. ಆದರೆ ಅಲ್ಲಿಗೇ ನಿಲ್ಲಬಾರದು. ಎಲ್ಲೆಲ್ಲಿಯೂ ನಮ್ಮವರನ್ನೇ ಹುಡುಕಿದರೆ ಅದು ಕನ್ನಡಿಯಾಗುತ್ತದೆ, ಕಿಟಕಿಯಾಗುವುದಿಲ್ಲ. ಅದೇ ಕೀನ್ಯಾದಲ್ಲಿ ೧೯೭೭ರಲ್ಲಿ ಹೆಂಗಸರನ್ನು ಕೂಡಿಸಿಕೊಂಡು ಮರ ನೆಡುವ ಚಳವಳಿಯನ್ನು ಆರಂಭಿಸಿ, ೨೦೦೪ರಲ್ಲಿ ನೊಬೆಲ್ ಶಾಂತಿ ಪಾರಿತೋಷಕವನ್ನು ಪಡೆದ ವಂಗಾರಿ ಮಾಥಾಯಿಯವರ ಕಥೆಯನ್ನು ಹೇಳಬೇಕು. ಏಕೇಂದ್ರಿಯ ಜೀವದ ರಕ್ಷಣೆಯನ್ನು ಬೇರೊಂದು ಮಾರ್ಗದಿಂದ ಬಂದವರೂ ಮಾಡುತ್ತಾರೆಂಬುದನ್ನು ಮಕ್ಕಳು ಅರಿಯಲಿ.

ಪಾಠ ಹೇಳಲು ಪಂಡಿತರೇ ಬೇಕಾಗಿಲ್ಲ. ಊರಿನಲ್ಲಿ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು ಬಂದವರಿರುತ್ತಾರೆ, ಸೈನ್ಯದಲ್ಲಿದ್ದು ಬಂದವರಿರುತ್ತಾರೆ, ಮಕ್ಕಳ ಮನೆಗೆ ವಿದೇಶಕ್ಕೆ ಹೋಗಿಬಂದ ಹಿರಿಯರಿರುತ್ತಾರೆ. ಅವರು ಅಲ್ಲಿನ ಮಾಲುಗಳ, ಸೇತುವೆಗಳ ವರ್ಣನೆಯನ್ನು ಬಿಟ್ಟು, ಅಲ್ಲಿನ ಒಬ್ಬ ಮನುಷ್ಯನನ್ನು ಕುರಿತು ಹೇಳಿದರೆ ಸಾಕು.

ದಿಗ್ವ್ರತವು ನಮ್ಮ ಆಶೆಗೆ ಹಾಕಿದ ಮೇರೆ. ಮೇರೆಯಾಚೆಗಿನ ಜೀವಗಳಿಗೆ ಅಭಯವನ್ನು ಕೊಡುವುದು ಅದರ ಫಲ. ಆದರೆ ಯಾರಿಗೆ ಅಭಯವನ್ನು ಕೊಡುತ್ತಿದ್ದೇವೆಂಬುದನ್ನೇ ಅರಿಯದೆ ಕೊಟ್ಟ ಅಭಯದಲ್ಲಿ ಮೈತ್ರೀಭಾವವು ಹೇಗೆ ಹುಟ್ಟೀತು? ಸಕಲ ಜೀವಿಗಳಲ್ಲಿ ಮೈತ್ರಿಯಿರಲೆಂದು ನಾವು ಪ್ರತಿದಿನ ಭಾವಿಸುತ್ತೇವೆ. ಆ ‘ಸಕಲ’ ಎಂಬ ಶಬ್ದದೊಳಗೆ ವಾರಕ್ಕೊಂದು ಹೆಸರನ್ನಾದರೂ ನಮ್ಮ ಮಕ್ಕಳು ಸೇರಿಸಿಕೊಳ್ಳುವಂತಾಗಲಿ.